ತೊಟ್ಟಿಯ ಮನೆ

ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿಗೆ ಸೇರಿದ ರಾವಂದೂರಿನ ಸೀಮೆಯು ಕೊಡಗಿನ ಮಗ್ಗುಲಲ್ಲಿದೆ. ಈ ಸೀಮೆಯೂ ಸೇರಿದಂತೆ ಹಳೆಯ ಮೈಸೂರು ಪ್ರಾಂತದ ಹಳ್ಳಿಗಳಲ್ಲಿ ನಮ್ಮ ಹಿರಿಯರು ಮಣ್ಣು, ಮರ, ಕಲ್ಲುಗಳಿಂದ ಕಟ್ಟಿಕೊಂಡ ವಾಸಗೃಹವೇ ತೊಟ್ಟಿಯ ಮನೆ.

ಬೀದಿಯಿಂದ ಬಂದವರನ್ನು ಮೊದಲು ಎದುರುಗೊಳ್ಳುವುದು ಜಗಲಿ. ದಾರಿಹೋಕನೂ ಅಲ್ಲಿ ಕುಳಿತು ದಣಿವಾರಿಸಿಕೊಳ್ಳಬಹುದು. ತಲೆಬಾಗಿಲನ್ನು ದಾಟಿದರೆ ನಡುವೆ ಆಕಾಶಕ್ಕೆ ತೆರೆದ ತೊಟ್ಟಿ. ಅದರ ಸುತ್ತಲೂ ಪಡಸಾಲೆ. ಅದರ ಹಿಂದೆ ಅಡುಗೆಮನೆ, ದೇವರ ಕೋಣೆ, ಉಗ್ರಾಣ. ನಾಲ್ಕು ಕಡೆಯ ಮಾಡುಗಳೂ ಒಳಮುಖವಾಗಿ ಇಳಿದು ಮಳೆಯ ನೀರನ್ನು ತೊಟ್ಟಿಗೆ ಸುರಿಸುತ್ತವೆ. ಅಲ್ಲಿಂದ ಅದು ಮೋರಿಯ ಮೂಲಕ ಹೊರಗೆ ಹರಿಯುತ್ತದೆ. ಕಾದ ಗಾಳಿಯು ತೊಟ್ಟಿಯ ಬಾಯಿಂದ ಮೇಲೇರಿ ಹೋಗುವುದರಿಂದ ಬೇಸಗೆಯಲ್ಲಿಯೂ ಪಡಸಾಲೆ ತಂಪಾಗಿರುತ್ತದೆ.

ಹೊರಗೋಡೆಗಳು ದಪ್ಪನಾದ ಮಣ್ಣಿನವು. ತೊಟ್ಟಿಯ ಸುತ್ತಣ ಮಾಡಿನ ಭಾರವನ್ನು ಹೊರುವುದು ಮರ. ಕಂಬವನ್ನು ನೆಲದಲ್ಲಿ ಹೂಳದೆ ಕಲ್ಲಿನ ಪೀಠದ ಮೇಲೆ ನಿಲ್ಲಿಸಿರುತ್ತಾರೆ. ಹಾಗಾಗಿ ತೇವವೂ ಗೆದ್ದಲೂ ಮರವನ್ನು ಸುಲಭವಾಗಿ ಮುಟ್ಟಲಾರವು. ಕಂಬದ ತಲೆಯ ಮೇಲೆ ಬೋದಿಗೆ. ಅದು ಎರಡೂ ಕಡೆಗೆ ಚಾಚಿಕೊಂಡು ತೊಲೆಗೆ ಆಸರೆ ಕೊಡುತ್ತದೆ; ಇದರಿಂದ ತೊಲೆ ಬಾಗುವುದು ಕಡಿಮೆಯಾಗುತ್ತದೆ. ನೋಟಕ್ಕೆ ಅಲಂಕಾರವಾಗಿ ಕಾಣುವ ಬೋದಿಗೆಯು ವಾಸ್ತವವಾಗಿ ದುಡಿಮೆಗಾರ. ಒಂದು ಮರದ ತುದಿಯನ್ನು ಮತ್ತೊಂದರ ಕುಳಿಯಲ್ಲಿ ಕೂರಿಸಿ ಬೆಣೆ ಬಡಿದು ಬಿಗಿಯುವುದು ಬಡಗಿಯ ಜಾಣ್ಮೆ. ಹೀಗೆ ಜೋಡಿಸಿದ ಮನೆಯನ್ನು ಬಿಚ್ಚಿ ಮತ್ತೆ ನಿಲ್ಲಿಸಲೂ ಬಹುದು. ವಿಜಯನಾಥ ಶೆಣೈ ಅವರು ಕುಂಜೂರು ಚೌಕಿಮನೆಯನ್ನು ಮಣಿಪಾಲದಲ್ಲಿ ಮರಳಿ ನಿಲ್ಲಿಸಿದ್ದು ಇದಕ್ಕೆ ನಿದರ್ಶನ.

ಮಾಡಿಗೆ ಹೊದಿಸುತ್ತಿದ್ದುದು ಕುಂಬಾರನು ಸುಟ್ಟ ನಾಡಹೆಂಚು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದ ಮೇಲೆ ಮಂಗಳೂರು ಹೆಂಚು ಕ್ರಮೇಣ ನಾಡಿನಲ್ಲೆಲ್ಲ ಹರಡಿತು. ನಾಡಹೆಂಚಿನ ಮನೆಯಲ್ಲಿ ಮಳೆಗಾಲಕ್ಕೆ ಮುನ್ನ ಪ್ರತಿವರ್ಷವೂ ಹೆಂಚು ಕೈಯಾಡಿಸಬೇಕು. ಒಂದು ಹೆಂಚು ಜರುಗಿದರೆ ನೀರು ತೊಲೆಗೆ ಇಳಿಯುತ್ತದೆ. ತಲೆಮಾರುಗಳನ್ನು ಕಂಡ ಮರವು ಕೆಲವೇ ಮಳೆಗಳಲ್ಲಿ ಕೊಳೆಯುತ್ತದೆ.

ಕೂಡುಕುಟುಂಬವಿದ್ದಾಗ ಈ ಕೆಲಸ ಎಲ್ಲರದೂ ಆಗಿತ್ತು. ಅಣ್ಣತಮ್ಮಂದಿರು ಪಾಲಾದ ಮೇಲೆ ಎಷ್ಟೋ ಮನೆಗಳಲ್ಲಿ ತೊಟ್ಟಿಯ ನಡುವೆಯೇ ಗೋಡೆ ಎದ್ದಿತು. ಎಲ್ಲರಿಗೂ ಸೇರಿದ ಮಾಡು ಯಾರದೂ ಅಲ್ಲದಾಯಿತು. ಕಡೆಗೆ ಕಂಬಗಳು ಬಿಡಿಬಿಡಿಯಾಗಿ ಮಾರಾಟವಾಗಿ ನಗರದ ಕಟ್ಟಡಗಳ ಅಲಂಕಾರವಾದವು. ಹೊರಲು ಭಾರವಿಲ್ಲದ ಕಂಬ ಬರಿಯ ಗೊಂಬೆ.

ನಿಮ್ಮ ಊರಿನಲ್ಲಿ ತೊಟ್ಟಿಯ ಮನೆಯಿದ್ದರೆ ಒಮ್ಮೆ ಹೋಗಿ ನೋಡಿರಿ. ಕಂಬದ ಕೆತ್ತನೆಯನ್ನು ಮೆಚ್ಚಿರಿ. ಆದರೆ ಅದಕ್ಕಿಂತ ಮೊದಲು ತಲೆಯೆತ್ತಿ, ಹೆಂಚು ಜರುಗಿದೆಯೇ ಎಂದು ನೋಡಿರಿ.