ಜಲಪಾತದ ಘೋಷವೂ ಕಾಲುವೆಯ ನೀರೂ

ಲೋಕವು ಯಾವ ಕಡೆಗೆ ಸಾಗುತ್ತಿದೆ ಎಂಬ ಪ್ರಶ್ನೆಯನ್ನು ಈಗ ಊರೂರ ಕಟ್ಟೆಗಳ ಮೇಲೆ ಕೇಳುತ್ತೇವೆ. ಯುದ್ಧ, ರೋಗ, ಬೆಲೆಯೇರಿಕೆ ಇವುಗಳ ವರ್ತಮಾನವು ಮೊಬೈಲಿನಲ್ಲಿ ಗಳಿಗೆ ಗಳಿಗೆಗೆ ಬರುವದರಿಂದ ನಮ್ಮ ಮನಸ್ಸು ಕದಡುತ್ತದೆ. ಇಂಥ ವರ್ತಮಾನವನ್ನು ತೂಗಿ ನೋಡುವ ಬಗೆಯನ್ನು ನಮ್ಮ ಘಟಪ್ರಭೆಯಿಂದಲೇ ಕಲಿಯೋಣ.

ಮೊದಲನೆಯದು, ಸದ್ದಿನಿಂದ ಗಾತ್ರವನ್ನು ಅಳೆಯಬಾರದು. ಮಳೆಗಾಲದಲ್ಲಿ ಗೋಕಾಕದ ಜಲಪಾತದ ಬಳಿ ನಿಂತರೆ ಪಕ್ಕದವನ ಮಾತು ಕೇಳಿಸದು. ನದಿಯು ಸುಮಾರು 170 ಅಡಿ ಕೆಳಗೆ ಧುಮುಕುತ್ತದೆ. ಆದರೆ ಅದೇ ನದಿಯ ನೀರು ಹುಕ್ಕೇರಿ ತಾಲೂಕಿನ ಹಿಡಕಲ್ ಅಣೆಕಟ್ಟಿನಲ್ಲಿ ಸಂಗ್ರಹವಾಗಿ, ಧೂಪದಾಳದಿಂದ ಕಾಲುವೆಯಲ್ಲಿ ಹರಿದು, ಮೂಡಲಗಿಯ ಕಡೆಯ ಕಬ್ಬಿನ ಹೊಲಗಳನ್ನು ಮುಟ್ಟುತ್ತದೆ. ಅದರ ಸದ್ದು ಯಾರಿಗೂ ಕೇಳಿಸದು. ಬೆಳೆ ಬರುವದು ಮಾತ್ರ ಅದರಿಂದಲೇ.

ಎರಡನೆಯದು, ಉದ್ದವಾದ ಹಗ್ಗದಿಂದ ಅಳೆಯಬೇಕು. ನಮ್ಮ ಹಿರಿಯರನ್ನು ನಡುಗಿಸಿದ ಸಿಡುಬು ಬೇನೆಯು ನಮ್ಮ ದೇಶದಲ್ಲಿ 1975ರಲ್ಲಿ ನಿಂತಿತು. ಲೋಕದಿಂದಲೇ ಅಳಿಯಿತೆಂದು 1980ರಲ್ಲಿ ಸಾರಲಾಯಿತು. 1990ರಲ್ಲಿ ಲೋಕದೊಳಗೆ ಐದು ವರುಷ ತುಂಬುವದರೊಳಗೆ ತೀರಿಹೋದ ಮಕ್ಕಳು 1 ಕೋಟಿ 20 ಲಕ್ಷಕ್ಕೂ ಹೆಚ್ಚು. 2022ರಲ್ಲಿ ಸುಮಾರು 49 ಲಕ್ಷ. ಮನೆಮನೆಗೆ ಲಸಿಕೆ ಒಯ್ದವರ ದುಡಿಮೆಯೂ ಉಳಿದ ಕೂಸುಗಳ ಆಟವೂ ದಿನದ ವರ್ತಮಾನದಲ್ಲಿ ಬರಲಿಲ್ಲ. ಮೆಲ್ಲನೆ ಆಗುವ ಒಳಿತು ಮೆಲ್ಲನೆಯೇ ಕಾಣಿಸುವದು.

ಮೂರನೆಯದು, ದೂರದ ಲೆಕ್ಕವು ಹತ್ತಿರದ ದುಃಖವನ್ನು ಮರೆಮಾಡಬಾರದು. 2019ನೇ ಆಗಸ್ಟ್ ತಿಂಗಳಲ್ಲಿ ಘಟಪ್ರಭೆಯೂ ಮಾರ್ಕಂಡೇಯ ನದಿಯೂ ಉಕ್ಕಿ ಗೋಕಾಕ ಪಟ್ಟಣದೊಳಗೆ ನುಗ್ಗಿದವು. ಅನೇಕರು ಮನೆಮಾರು ಕಳೆದುಕೊಂಡರು. ಗೋಡೆ ಬಿದ್ದವನ ಮುಂದೆ ನಿಂತು, ಲೋಕವು ಮೊದಲಿಗಿಂತ ಸುಧಾರಿಸಿದೆ ಎಂದು ಲೆಕ್ಕ ಓದುವದು ಕಠಿಣ ಹೃದಯದ ಕೆಲಸ. ಅಂದು ಅವನಿಗೆ ಬೇಕಾದದ್ದು ರೊಟ್ಟಿ, ಹೊದಿಕೆ, ತಲೆಯ ಮೇಲೊಂದು ಸೂರು. ಆ 49 ಲಕ್ಷ ಮಕ್ಕಳ ತಾಯಂದಿರಿಗೂ ಇಳಿದ ಅಂಕೆಯಿಂದ ಸಮಾಧಾನವಾಗದು. ಲೋಕವು ಸುಧಾರಿಸಿರುವದೂ ನಿಜ, ಇನ್ನೂ ನೋಯುತ್ತಿರುವದೂ ನಿಜ. ಒಂದನ್ನೇ ಹಿಡಿದವನು ಹೆದರಿ ಕೂಡುವನು, ಇಲ್ಲವೆ ಮೈಮರೆತು ಮಲಗುವನು. ಎರಡನ್ನೂ ಹಿಡಿದವನು ಎದ್ದು ಕೆಲಸಕ್ಕೆ ಹೋಗುವನು.

ಆದಕಾರಣ ಭಯದ ಸುದ್ದಿ ಬಂದಾಗ ಅದನ್ನು ಇನ್ನೊಬ್ಬರಿಗೆ ಮುಟ್ಟಿಸುವ ಮೊದಲು ಮನೆಯವರೆಲ್ಲ ಕೂಡಿ ವಿಚಾರಿಸತಕ್ಕ ಪ್ರಶ್ನೆಗಳು:

1. ಇದು ನಿಜವೋ? ಕಂಡವರು ಯಾರು?
2. ಇದು ಇಂದಿನ ಘೋಷವೋ, ಬಹು ವರುಷಗಳಿಂದ ನಡೆದು ಬಂದದ್ದೋ?
3. ಇದರಿಂದ ನೊಂದವರು ನಮ್ಮ ಓಣಿಯಲ್ಲಿ ಯಾರಿದ್ದಾರೆ? ಈ ವಾರ ಅವರಿಗಾಗಿ ನಮ್ಮ ಕೈಯಿಂದ ಆಗುವದೇನು?

ಮೂರನೆಯದಕ್ಕೆ ಉತ್ತರವನ್ನು ಬಾಯಿಂದ ಹೇಳಿ ಮುಗಿಸದಿರೋಣ.