ಗುಂಡಿಯ ಆಳ ಬೇರೆ, ನೀರಿನ ಆಳ ಬೇರೆ

ಮನೆಯೊಳಗೆ ಕೋಯಿ ಮೀನಿನ ಕೊಳ ಮಾಡಿಸುವವರು ಒಂದೂವರೆ ಅಡಿ ಆಳ ಸಾಕೆಂದುಕೊಳ್ಳುವುದಕ್ಕೆ ಒಂದು ತರ್ಕವಿದೆ. ಜಪಾನಿನ ನೀಗಾತದಂಥ ಹಿಮ ಸುರಿಯುವ ಸೀಮೆಯಲ್ಲಿ ಮೇಲಿನ ನೀರು ಹೆಪ್ಪುಗಟ್ಟುತ್ತದೆ, ಮೀನಿಗೆ ಆಳ ಬೇಕು. ನಮ್ಮ ಹಜಾರದಲ್ಲಿ ಆ ಭಯವೆಲ್ಲಿ? ಚಳಿಯ ಮಟ್ಟಿಗೆ ಇದು ನಿಜ. ಆದರೆ ಅಂಗಡಿಯಲ್ಲಿ ಬೆರಳುದ್ದ ಇರುವ ಕೋಯಿ ಬೆಳೆದರೆ ಎರಡು ಅಡಿ ಮುಟ್ಟುತ್ತದೆ, ಅದು ಬಿಡುವ ಅಮೋನಿಯಾ ಮೀನಿಗೇ ವಿಷ. ಆ ವಿಷ ತೆಳುವಾಗಲು ನೀರು ಬೇಕು. 8 ಅಡಿ ಉದ್ದ, 6 ಅಡಿ ಅಗಲದ ಕೊಳದಲ್ಲಿ ಒಂದೂವರೆ ಅಡಿ ನೀರೆಂದರೆ ಸುಮಾರು 2,000 ಲೀಟರ್. ಮೂರೂವರೆ ಅಡಿಯಾದರೆ 4,700 ದಾಟುತ್ತದೆ. ಹಾಗಾದರೆ ಏಳೆಂಟು ಅಡಿ ತೋಡಿಸೋಣವೇ ಎಂದರೆ ಅದೂ ಬೇಡ. ಗಾಳಿಯ ಆಮ್ಲಜನಕ ನೀರಿಗೆ ಇಳಿಯುವುದು ಮೇಲ್ಮೈಯಿಂದ. ಆಳ ಹೆಚ್ಚಿದರೆ ಮೇಲ್ಮೈ ಹೆಚ್ಚುವುದಿಲ್ಲ, ಕಾಯಿಲೆ ಬಿದ್ದ ಮೀನನ್ನು ಬಲೆಗೆ ಹಿಡಿಯುವುದು ಮಾತ್ರ ಕಷ್ಟವಾಗುತ್ತದೆ. ಮೂರೂವರೆಯಿಂದ ನಾಲ್ಕು ಅಡಿ ಹದವಾದ ಆಳ.

ಇಷ್ಟನ್ನು ಒಪ್ಪಿದವರೂ ಎಡವುವುದು ಮೇಸ್ತ್ರಿಗೆ ಹೇಳುವ ಮಾತಿನಲ್ಲಿ. ‘ಮೂರೂವರೆ ಅಡಿ ತೋಡಿ’ ಎಂದರೆ ಆತ ಅಷ್ಟೇ ತೋಡುತ್ತಾನೆ, ತಪ್ಪು ಆತನದಲ್ಲ. ಅದರಲ್ಲಿ ತಳದ ಪಿಸಿಸಿಗೆ (ಕಬ್ಬಿಣವಿಲ್ಲದ ಕಾಂಕ್ರೀಟಿಗೆ) 4 ಇಂಚು, ಕಬ್ಬಿಣ ಕಟ್ಟಿದ ಕಾಂಕ್ರೀಟಿಗೆ 6, ವಾಟರ್‌ಪ್ರೂಫ್ ಗಾರೆ ಮತ್ತು ಟೈಲ್ಸಿಗೆ 2 ಇಂಚು ಹೋಗುತ್ತದೆ. ಕೋಯಿ ನೆಗೆಯುವ ಮೀನಾದ್ದರಿಂದ ಮೇಲೆ 6 ಇಂಚಾದರೂ ಖಾಲಿ ಬಿಡಬೇಕು. ಒಟ್ಟು ಒಂದೂವರೆ ಅಡಿ ಕಳೆದು ಉಳಿಯುವುದು ಎರಡೇ ಅಡಿ ನೀರು. ಆದ್ದರಿಂದ ಮೊದಲು ನೀರು ನಿಲ್ಲುವ ಗೆರೆಯನ್ನು ಗೋಡೆಯ ಮೇಲೆ ಗುರುತು ಹಾಕಿ, ಅಲ್ಲಿಂದ ಕೆಳಕ್ಕೆ ಅಳೆಯಿರಿ. ಈ ಲೆಕ್ಕದಲ್ಲಿ ಗುಂಡಿ 5 ಅಡಿ ಬೇಕಾಗುತ್ತದೆ. ಪಾಯದ ಪಕ್ಕ ಅಷ್ಟು ತೋಡುವುದು ಅಪಾಯವೆಂಬ ಆಕ್ಷೇಪ ಸರಿಯಾದದ್ದೇ. ಅದಕ್ಕೆ ಉಪಾಯ, ಸುತ್ತ ಒಂದೂವರೆ ಅಡಿ ಎತ್ತರದ ಕಟ್ಟೆ ಕಟ್ಟುವುದು. ಆಗ ಮೂರೂವರೆ ಅಡಿ ತೋಡಿದರೆ ಸಾಕು, ಕೂರಲು ಜಾಗವೂ ಆಯಿತು. ಆದರೂ ಎಂಜಿನಿಯರ್ ನೋಡದೆ ಗುದ್ದಲಿ ಹಾಕಿಸಬೇಡಿ.

ಇದೆಲ್ಲ ನೆಲಮಹಡಿಯ ಮಾತು. ಮೇಲಿನ ಮಹಡಿಯಲ್ಲಿ ಈ ಆಸೆ ಬಿಡುವುದೇ ಲೇಸು: ಒಂದು ಅಡಿ ನೀರೇ ಚದರ ಮೀಟರಿಗೆ 300 ಕೆಜಿ ತೂಗುತ್ತದೆ, ವಾಸದ ಕೋಣೆಗೆ ಕಟ್ಟಡದ ಭಾರದ ಭಾರತೀಯ ಮಾನದಂಡ ಐಎಸ್ 875 ಹಿಡಿಯುವ ಭಾರ ಸುಮಾರು 200 ಕೆಜಿ. ಇನ್ನು ತಳದ ಡ್ರೈನ್ ಪೈಪನ್ನು ಕಾಂಕ್ರೀಟ್ ಸುರಿಯುವ ಮೊದಲೇ ಕೂರಿಸಿ, ತಳವನ್ನು ಅದರತ್ತ ಇಳಿಜಾರು ಮಾಡಿಸಿ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ನೀರು ತುಂಬುವ ಮುನ್ನವೇ ಮೇಲೆ ಗ್ರಿಲ್ ಹಾಕಿಸಿರಬೇಕು.