ಕೆರೆಯಂಗಳ ನಿವೇಶನವಾಗದಿರಲಿ



ಬೆಂಗಳೂರು ಬೆಳೆದು ನಮ್ಮ ಊರುಗಳ ಬಾಗಿಲಿಗೆ ಬಂದಿದೆ. ರಾಗಿ ಹೊಲದ ಬದಿಯಲ್ಲಿ ನಿವೇಶನದ ಕಲ್ಲುಗಳು ಏಳುತ್ತಿವೆ. ಈ ಹೊತ್ತಿನಲ್ಲಿ ನಾವು ಕಲಿಯಬೇಕಾದ ಪಾಠವೊಂದಿದೆ. ನಮಗಿಂತ ಮೊದಲೇ ನಗರಕ್ಕೆ ಸೇರಿದ ಹಳ್ಳಿಗಳನ್ನು ನೋಡಿ ಅದನ್ನು ಕಲಿಯೋಣ.

ಜಯನಗರಕ್ಕೆ 1948ರಲ್ಲಿ ಅಡಿಗಲ್ಲು ಬಿತ್ತು. ಆಮೇಲೆ ಅದರ ಸುತ್ತಲ ಹಳ್ಳಿಗಳು ಒಂದೊಂದಾಗಿ ನಗರದೊಳಗೆ ಸೇರಿದವು. ಊರು ಕರಗಿದರೂ ಹೆಸರು ಉಳಿಯಿತು. ಬಿ.ಟಿ.ಎಂ. ಬಡಾವಣೆ ಎಂದರೆ ಬೈರಸಂದ್ರ, ತಾವರೆಕೆರೆ, ಮಡಿವಾಳ. 'ಸಂದ್ರ' ಎಂಬುದು 'ಸಮುದ್ರ' ಎಂಬ ಮಾತಿನ ರೂಪ. ದೊಡ್ಡ ಕೆರೆಯನ್ನು ನಮ್ಮ ಹಿರಿಯರು ಸಮುದ್ರವೆಂದೇ ಕರೆಯುತ್ತಿದ್ದರು. ತಾವರೆಕೆರೆಯ ಹೆಸರಿನಲ್ಲಂತೂ ಕೆರೆಯೇ ಇದೆ. ಹೊಳೆ ಇಲ್ಲದ ಈ ಎತ್ತರದ ಸೀಮೆಯಲ್ಲಿ ಊರುಗಳು ನಿಂತದ್ದೇ ಕೆರೆಯ ಬಲದಿಂದ.

ಕೆರೆ ಕೆಡುವ ಬಗೆ

ಕೆರೆ ಒಂದೇ ದಿನದಲ್ಲಿ ಮನೆಗಳ ಕೆಳಗೆ ಹೋಗುವುದಿಲ್ಲ. ಮೊದಲು ಅಚ್ಚುಕಟ್ಟಿನ ಗದ್ದೆ ಮಾರಾಟವಾಗುತ್ತದೆ. ತೂಬು ಎತ್ತುವ ನೀರುಗಂಟಿಗೆ ಕೆಲಸವಿರುವುದಿಲ್ಲ. ಕೆರೆಯಿಂದ ಯಾರಿಗೂ ಪೈರಿಲ್ಲವೆಂದ ಮೇಲೆ ಹೂಳು ತೆಗೆಯುವವರೂ ಇಲ್ಲ. ಬಳಿಕ ಮೇಲ್ಗಡೆಯ ಕಾಲುವೆಗೆ ಮಣ್ಣು ಬೀಳುತ್ತದೆ. ನೀರು ಬಾರದೆ ಕೆರೆ ನಾಲ್ಕಾರು ವರ್ಷ ಒಣಗಿತೆಂದರೆ 'ಇದು ಬೀಳು ನೆಲ' ಎಂಬ ಮಾತು ಹುಟ್ಟುತ್ತದೆ. ಆಮೇಲೆ ಅಂಗಳದ ಅಂಚಿನಲ್ಲಿ ಒಂದು ಷೆಡ್ಡು, ಅದರ ಪಕ್ಕ ಒಂದು ಮನೆ.

ಮನೆ ಬರುವುದು ಕೊನೆಗೆ, ಕಾಲುವೆ ಮುಚ್ಚುವುದು ಮೊದಲು. ಆದ್ದರಿಂದ ಕೆರೆ ಉಳಿಯಬೇಕಾದರೆ ನಾವು ಕಾಯಬೇಕಾದದ್ದು ಕಾಲುವೆಯನ್ನು. ಇದೇ ಈ ಪಾಠದ ತಿರುಳು.

ಮಳೆಯ ಲೆಕ್ಕ

ಒಂದು ಎಕರೆಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಸುಮಾರು 1 ಲಕ್ಷ ಲೀಟರ್ ನೀರಾಗುತ್ತದೆ. ನೂರು ಎಕರೆಗೆ 1 ಕೋಟಿ ಲೀಟರ್. ಹೊಲವಾದರೆ ನೆಲ ಬಹುಪಾಲು ಕುಡಿದು, ಮಿಕ್ಕದ್ದು ಕಾಲುವೆ ಹಿಡಿದು ಕೆರೆ ಸೇರುತ್ತದೆ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದ ನೀರು ಕೆಳಗಿನ ಕೆರೆಗೆ ಹೋಗುತ್ತದೆ. ಅದೇ ನೂರು ಎಕರೆಯಲ್ಲಿ ಸಿಮೆಂಟು, ಡಾಂಬರು ತುಂಬಿದರೆ ನೆಲ ಕುಡಿಯುವುದು ಕಡಿಮೆ, ನೀರು ಒಮ್ಮೆಗೇ ನುಗ್ಗುತ್ತದೆ. ಕಾಲುವೆಯಿಲ್ಲದಿದ್ದರೆ ಅದು ಬೀದಿ ಹಿಡಿಯುತ್ತದೆ, ಮನೆ ಹೊಗುತ್ತದೆ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವಭಾಗ ನೀರಿನಲ್ಲಿ ನಿಂತಿತು. 2024ರ ಬೇಸಿಗೆಯಲ್ಲಿ ಅದೇ ನಗರದ ಕೊಳವೆ ಬಾವಿಗಳು ಬತ್ತಿ, ಜನ ಟ್ಯಾಂಕರಿಗೆ ಕಾದರು. ಮಳೆ ಬಂದರೆ ಮುಳುಗಡೆ, ಹೋದರೆ ಬರ. ಕೆರೆ-ಕಾಲುವೆಯ ಸರಪಳಿ ಕಡಿದರೆ ಈ ಎರಡೂ ಕಷ್ಟಗಳು ಹೆಚ್ಚುತ್ತವೆ.

ಎರಡು ನಿದರ್ಶನಗಳು

ಜೆ.ಪಿ. ನಗರದ ಸಾರಕ್ಕಿ ಕೆರೆ 80 ಎಕರೆಗೂ ಮಿಗಿಲಾದದ್ದು. ಅದರಲ್ಲಿ 30 ಎಕರೆಗೂ ಹೆಚ್ಚು ನೆಲ ಒತ್ತುವರಿಯಾಗಿತ್ತು. 2015ರ ಏಪ್ರಿಲ್ ತಿಂಗಳಲ್ಲಿ ಜಿಲ್ಲಾಡಳಿತವು ಯಂತ್ರಗಳನ್ನು ತಂದು ಒತ್ತುವರಿ ತೆರವು ಮಾಡಿತು. ನೂರಕ್ಕೂ ಹೆಚ್ಚು ಕಟ್ಟಡಗಳು ನೆಲಸಮವಾದವು. ಕೂಡಿಟ್ಟ ಹಣವನ್ನೆಲ್ಲ ಸುರಿದು ಮನೆ ಮಾಡಿಕೊಂಡಿದ್ದ ಸಂಸಾರಗಳು ಬೀದಿಗೆ ಬಂದವು. ಕೆರೆಯ ನೆಲ ಮೊದಲ ದಿನವೇ ಗುರುತಾಗಿದ್ದರೆ ಈ ಸಂಕಟವೇ ಇರುತ್ತಿರಲಿಲ್ಲ.

ಅದೇ ಜೆ.ಪಿ. ನಗರದಲ್ಲಿ ಪುಟ್ಟೇನಹಳ್ಳಿ ಕೆರೆಯೂ ಇದೆ. ಅದು ಸುಮಾರು 13 ಎಕರೆಯ ಚಿಕ್ಕ ಕೆರೆ. ಒಣಗಿ, ಕಸ ತುಂಬಿ ಹಾಳಾಗಿತ್ತು. ಸುತ್ತಲಿನ ನಿವಾಸಿಗಳು 2010ರಲ್ಲಿ ಟ್ರಸ್ಟು ಕಟ್ಟಿಕೊಂಡರು. 2011ರಲ್ಲಿ ನಗರ ಪಾಲಿಕೆಯೊಡನೆ ಒಪ್ಪಂದ ಮಾಡಿಕೊಂಡು ಕೆರೆಯ ಪಾಲನೆಯನ್ನು ವಹಿಸಿಕೊಂಡರು. ಕಸ ತೆಗೆದರು, ಸಸಿ ನೆಟ್ಟರು, ನೀರು ನಿಲ್ಲಿಸಿದರು. ಹಕ್ಕಿಗಳು ಮರಳಿ ಬಂದವು. ಆ ನೀರಿನಿಂದ ಅವರಿಗೆ ಒಂದು ಬೊಗಸೆ ಭತ್ತವೂ ಬೆಳೆಯಬೇಕಾಗಿರಲಿಲ್ಲ. ಆದರೂ ಕೆರೆ ಬೇಕೆಂದರು.

ನಾವು ಮಾಡಬೇಕಾದದ್ದು

1. ಗ್ರಾಮ ನಕ್ಷೆಯ ಪ್ರತಿ ಪಡೆದು ಕೆರೆ, ಕಾಲುವೆ, ಗೋಮಾಳ, ಗುಂಡುತೋಪುಗಳ ಸರ್ವೆ ನಂಬರನ್ನು ಪಟ್ಟಿ ಮಾಡಿರಿ. ಸರ್ಕಾರದ 'ದಿಶಾಂಕ್' ಎಂಬ ಮೊಬೈಲ್ ತಂತ್ರಾಂಶದಲ್ಲಿ ನೀವು ನಿಂತ ಜಾಗದ ಸರ್ವೆ ನಂಬರು ತಿಳಿಯುತ್ತದೆ. ಓದುವ ಮಕ್ಕಳ ಸಹಾಯ ಪಡೆಯಿರಿ.

2. ಪಹಣಿಯಲ್ಲಿ ಖರಾಬು ಕಲಮನ್ನು ನೋಡಿರಿ. 'ಎ' ಖರಾಬು ಎಂದರೆ ಬೇಸಾಯಕ್ಕೆ ಬಾರದ ನೆಲ. 'ಬಿ' ಖರಾಬು ಎಂದರೆ ಕಾಲುವೆ, ಬಂಡಿದಾರಿ ಮೊದಲಾದ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟದ್ದು. ಅದು ನಮ್ಮ ಜಮೀನಿನ ನಡುವೆ ಹಾಯ್ದರೂ ನಮ್ಮದಲ್ಲ, ಮಾರುವ ಹಕ್ಕು ನಮಗಿಲ್ಲ.

3. ಪಂಚಾಯತಿಯ ಮೂಲಕ ಕೆರೆಗೆ ಹದ್ದುಬಸ್ತು ಮಾಡಿಸಿ, ಗಡಿಕಲ್ಲು ನೆಡಿಸಿರಿ. ಗಡಿಯುದ್ದಕ್ಕೂ ಹೊಂಗೆ, ಬೇವು, ಹಿಪ್ಪೆ ಹಾಕಿರಿ. ಏರಿಯ ಮೇಲೆ ಮಾತ್ರ ದೊಡ್ಡ ಮರ ಬೇಡ, ಬೇರು ಏರಿಯನ್ನು ಸಡಿಲಿಸುತ್ತದೆ.

4. ಮುಂಗಾರಿಗೆ ಮೊದಲು ಕಾಲುವೆಯನ್ನು ಚೊಕ್ಕ ಮಾಡಿರಿ. ಅನುಮತಿ ಪಡೆದು ತೆಗೆದ ಹೂಳನ್ನು ಹೊಲಕ್ಕೆ ಹೊಡೆಯಿರಿ. ಮರಳು ನೆಲಕ್ಕೆ ಅದು ಒಳ್ಳೆಯ ಮಣ್ಣು.

5. ಕಾಲುವೆಗೆ ಮಣ್ಣು ಬಿದ್ದ ದಿನವೇ ಗ್ರಾಮ ಆಡಳಿತ ಅಧಿಕಾರಿಗೂ ತಹಸೀಲ್ದಾರರಿಗೂ ಬರಹದಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಗ್ರಾಮದ ಸಾರ್ವಜನಿಕ ನೆಲದ ಒತ್ತುವರಿ ತೆರವಾಗಬೇಕೆಂದು ಸರ್ವೋಚ್ಚ ನ್ಯಾಯಾಲಯವು 2011ರ ಜನವರಿಯಲ್ಲಿ ಎಲ್ಲ ರಾಜ್ಯಗಳಿಗೂ ಆದೇಶಿಸಿದೆ. ನಿಮ್ಮ ಅರ್ಜಿಗೆ ಅದು ಬಲ.

'ಹಾಗಾದರೆ ನಾವು ಜಮೀನು ಮಾರಲೇಬಾರದೆ?' ಎಂದು ಕೆಲವರು ಕೇಳಬಹುದು. ಕೇಳುವುದು ನ್ಯಾಯವೇ. ಮಗಳ ಮದುವೆ, ಸಾಲ, ಮಕ್ಕಳ ಓದು, ಎಲ್ಲಕ್ಕೂ ರೈತನಿಗಿರುವುದು ಆ ನೆಲ ಒಂದೇ. ಮಾರುವುದು ಬಿಡುವುದು ನಿಮ್ಮ ಇಷ್ಟ. ಆದರೆ ಮಾರುವಾಗ ಕಾಲುವೆಯ ನೆಲವನ್ನು ಬಿಟ್ಟು ಅಳತೆ ಮಾಡಿಸಿರಿ, ಕ್ರಯಪತ್ರದಲ್ಲಿ ಅದನ್ನು ಬರೆಸಿರಿ. ನಿಮ್ಮ ಜಮೀನಿಗೆ ಬೆಲೆ ನಿಮ್ಮದು. ಕಾಲುವೆ ಕೆಳಗಿನ ಊರಿನ ರೈತನದೂ ಹೌದು.

ಪುಟ್ಟೇನಹಳ್ಳಿಯವರು ಹಾಳಾದ ಕೆರೆಯನ್ನು ಎತ್ತಿ ನಿಲ್ಲಿಸಬೇಕಾಯಿತು. ನಮ್ಮಲ್ಲಿ ಅನೇಕ ಊರುಗಳ ಕೆರೆ ಇನ್ನೂ ಕೆರೆಯಾಗಿಯೇ ಇದೆ. ಉಳಿಸುವುದು ಹೊಸದಾಗಿ ಕಟ್ಟುವುದಕ್ಕಿಂತ ಸುಲಭ. ಮುಂದಿನ ಗ್ರಾಮಸಭೆಗೆ ಬರುವಾಗ ಊರಿನ ನಕ್ಷೆಯನ್ನು ತಪ್ಪದೆ ತನ್ನಿರಿ. ಎಲ್ಲರೂ ಸೇರಿ ಕಾಲುವೆಯ ಉದ್ದಕ್ಕೂ ಒಮ್ಮೆ ನಡೆದು ಬರೋಣ.